ಬಡಿದವನಿಗೆ ಉತ್ತರ

ರೋಂಡಾ ಕಣಿವೆ, ವೇಲ್ಸ್
೯ ಜನವರಿ ೧೯೦೪

ಪ್ರಿಯ ಗೆಥಿನ್,

ನಿನ್ನ ಕ್ರಿಸ್‌ಮಸ್ ಪತ್ರ ಹಡಗಿನಲ್ಲಿ ನೆನೆದು, ಅಂಚೆಚೀಲದಲ್ಲಿ ಒಣಗಿ, ಹಳೇ ರೊಟ್ಟಿಯಂತಾಗಿ ಕೈಸೇರಿತು. ಮುರಿಯದಂತೆ ಬಿಡಿಸಿ ಓದಿದೆ. ಕೊನೆಗೂ ನೀನು ದೀಪಬಂಧುಗಳ ಸಂಘ ಸೇರುತ್ತಿದ್ದೀಯ! ಇಲ್ಲಿನ ಶಾಖೆಗೆ ನಾನೇ ಗುಮಾಸ್ತನಾಗಿರುವುದರಿಂದ, ಇನ್ನು ಮೇಲೆ ನಿಯಮದ ಪ್ರಕಾರವೂ ನಾನು ನಿನಗೆ ಅಣ್ಣ. ಇಷ್ಟು ದಿನ ತಮ್ಮನ ಗೆಳೆಯ ಎಂಬ ಬರೀ ಹಕ್ಕಿನಿಂದ ಬೈಯುತ್ತಿದ್ದೆ, ಇನ್ನು ಕಾನೂನಿನಿಂದ ಬೈಯುತ್ತೇನೆ.

ನಮ್ಮಿಬ್ಬರನ್ನು ಬೇರೆ ಮಾಡಿದ್ದು ಒಂದೇ ಅಕ್ಷರ, ಯೋಚಿಸಿ ನೋಡು. ನೀನು ಗಣಿಗೆ ಹೋದೆ, ನಾನು ಗಣಿತಕ್ಕೆ ಹೋದೆ. ಆ ಒಂದು ‘ತ’ಕಾರದ ಪುಣ್ಯದಿಂದ ನನಗೆ ಮೇಷ್ಟ್ರ ಕುರ್ಚಿ, ನಿನಗೆ ಗುದ್ದಲಿ. ಈಗ ಸಂಘದ ಬೆಂಚಿನ ಮೇಲೆ ಇಬ್ಬರೂ ಸಮ.

ಒಳಗೆ ಏನು ನಡೆಯುತ್ತದೆ ಅಂತ ಕೇಳಬೇಡ. ಬಾಯಿ ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದ್ದೇನೆ. ಆಡಿನ ಸಂಗತಿ ಮಾತ್ರ ನಿನಗೂ ಗೊತ್ತಿರಬೇಕು. ಆ ಆಡಿನ ಮಾತು ಎಲ್ಲ ಊರಲ್ಲೂ ಆಡುಮಾತಾಗಿದೆ. ಹೊಸಬನನ್ನು ಅದರ ಬೆನ್ನ ಮೇಲೆ ಬಾಲದ ಕಡೆ ಮುಖಮಾಡಿ ಕೂರಿಸುತ್ತಾರಂತೆ. ಅದಕ್ಕೆ ದೀಕ್ಷೆ ಅನ್ನುತ್ತಾರೆ. ಶಿಕ್ಷೆಗೆ ಭಾನುವಾರದ ಬಟ್ಟೆ ಹಾಕಿದರೆ ದೀಕ್ಷೆ. ಆಡಿನ ಕೊಂಬು ಹಿಡಿಯಬೇಡ ಮಾರಾಯ, ಅದಕ್ಕೆ ಕೋಪ ಬರುತ್ತದೆ.

ಅಮ್ಮ ಚೆನ್ನಾಗಿದ್ದಾಳೆ. ನಾಳೆಗೆ ನನ್ನ ತಮ್ಮ ಇಲ್ಟಿಡ್ ಹುಟ್ಟಿದ ದಿನ. ಗಣಿ ಕುಸಿದು ಅವನು ಹೋದ ಮೇಲೆ ನಾಲ್ಕನೇ ಚಳಿಗಾಲ ಇದು. ಆ ಕುಸಿತದಡಿಯಿಂದ ಜೀವಂತ ಹೊರಗೆ ಬಂದವನು ನೀನೊಬ್ಬನೇ. ಬಂದವನು ಮೊದಲು ನಮ್ಮ ಮನೆ ಬಾಗಿಲಿಗೆ ಬಂದು, ಅವನಿಗೆ ಒಂದೇ ಕ್ಷಣ, ಗೊತ್ತೂ ಆಗಲಿಲ್ಲ ಎಂದು ಹೇಳಿದೆಯಲ್ಲ, ಅಮ್ಮ ಇವತ್ತಿಗೂ ಆ ಮಾತಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ. ನಾನೂ ಅಷ್ಟೇ. ಕಳೆದ ಭಾನುವಾರ ಚಾಪೆಲಿನಲ್ಲಿ ನಮ್ಮ ಹಳೇ ಬೆಂಚಿನಲ್ಲೇ ಕೂತಿದ್ದೆ. ಪಾದ್ರಿಯ ಪ್ರಸಂಗ ಮುಗಿಯದೇ ಇದ್ದಾಗ ಇಲ್ಟಿಡ್ ಬೆಂಚಿನಡಿ ಬೆರಳಿಂದ ಅರ್ಧ ತಾಳ ತಟ್ಟುವುದು, ಉಳಿದರ್ಧ ನೀನು ತಟ್ಟಿ ಮುಗಿಸುವುದು, ಪಾದ್ರಿ ಬಂದು ನನ್ನ ಕಿವಿ ಹಿಂಡುವುದು, ಎಲ್ಲ ನೆನಪಾಯಿತು. ಆ ತಾಳ ಕಲಿಸಿದವನು ನಾನೇ ಆದ್ದರಿಂದ ನ್ಯಾಯ ತಪ್ಪಿರಲಿಲ್ಲ ಅನ್ನು.

ಓಲ್ವೆನ್‌ಗೆ ನಮಸ್ಕಾರ. ಆಡಿಗೂ.

ನಿನ್ನ
ಎಮ್ರಿಸ್ ಬೆವನ್

*

ಸ್ಕ್ರಾಂಟನ್, ಪೆನ್ಸಿಲ್ವೇನಿಯಾ
೬ ಫೆಬ್ರವರಿ ೧೯೦೪

ಎಮ್ರಿಸಣ್ಣ,

ನಿಮ್ಮ ಪತ್ರ ತಲುಪಿತು. ದೀಕ್ಷೆ ಇನ್ನೂ ಆಗಿಲ್ಲ. ಕಳೆದ ಶನಿವಾರ ಆಗಬೇಕಿತ್ತು. ಸಂಘದ ಮೆಟ್ಟಿಲು ಹತ್ತಿ ಬಾಗಿಲ ತನಕ ಹೋಗಿದ್ದೆ, ಅಷ್ಟರಲ್ಲಿ ಜ್ವರ ಬಂದಂತಾಯಿತು, ವಾಪಸು ಬಂದೆ. ಈಗ ಗುಣವಾಗಿದೆ.

ನನ್ನ ಹೆಸರು ಸೂಚಿಸಿದವನು ಬಾಗಿಲು ಡಾಯ್. ಈ ಬೆಟ್ಟದಲ್ಲಿ ಡಾಯ್‌ಗಳು ಬಹಳ. ರೊಟ್ಟಿ ಮಾಡುವವನು ರೊಟ್ಟಿ ಡಾಯ್, ಹೆಣದ ಪೆಟ್ಟಿಗೆ ಮಾಡುವವನು ಕೊನೇ ಡಾಯ್, ಸಂಘದ ಬಾಗಿಲು ಕಾಯುವ ಇವನು ಬಾಗಿಲು ಡಾಯ್. ನಮ್ಮ ದೇಶದ ಕಾರ್ಮಾರ್ಥನ್ ಕಡೆಯ ಮುದುಕ, ಗಣಿಯಲ್ಲೇ ಮೀಸೆ ಬಂದು ಗಣಿಯಲ್ಲೇ ಮೀಸೆ ನರೆತವನು. ನಾನು ವಾಪಸು ಹೊರಟಾಗ ಅವನು ತಡೆಯಲಿಲ್ಲ. ಬಾಗಿಲಿಂದ ಹಿಂದಿರುಗಿದವನಿಗೆ ಸಂಘ ಇನ್ನೊಂದು ಸಲ ಮಾತ್ರ ಕರೆ ಕಳಿಸುತ್ತದೆ, ಆಗಲೂ ಹಿಂದಿರುಗಿದರೆ ಹೆಸರು ತೆಗೆದುಹಾಕುತ್ತಾರೆ, ಮತ್ತೆ ಯಾವ ಊರಿನ ಶಾಖೆಯೂ ಸೇರಿಸಿಕೊಳ್ಳುವುದಿಲ್ಲ ಎಂದು ಮೆಟ್ಟಿಲ ಮೇಲಿನಿಂದ ಹೇಳಿದ, ಅಷ್ಟೇ.

ಓಲ್ವೆನ್‌ಗೆ ಬೇಸಿಗೆಯಲ್ಲಿ ಹೆರಿಗೆ. ನಮ್ಮ ಮನೆಗಳ ಸಾಲಿನಲ್ಲಿ ಸಂಘದಲ್ಲಿಲ್ಲದ ಗಂಡಸು ಸದ್ಯ ನಾನೊಬ್ಬನೇ. ಕಾಯಿಲೆ ಬಿದ್ದವರ ಪಕ್ಕ ಸರದಿಯಂತೆ ಬಂಧುಗಳು ಬಂದು ಕೂರುತ್ತಾರೆ, ಒಲೆ ಹಚ್ಚುತ್ತಾರೆ, ಹೊರಬೇಕಾದರೆ ಹೊರುತ್ತಾರೆ. ನಮ್ಮ ಮನೆಯನ್ನು ದಾಟಿ ಪಕ್ಕದ ಮನೆಗೆ ಹೋಗುತ್ತಾರೆ. ಅವರದೇನೂ ತಪ್ಪಿಲ್ಲ, ನಿಯಮ ಹಾಗಿದೆ. ಓಲ್ವೆನ್ ಕಿಟಕಿಯಿಂದ ನೋಡುತ್ತಿರುತ್ತಾಳೆ.

ಒಂದು ಮಾತು. ಪ್ರಮಾಣ ಮುರಿಯಿರಿ ಅನ್ನುತ್ತಿಲ್ಲ. ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ ಅನ್ನುವುದು ನಿಜವಾ? ಕಟ್ಟಿ ಎಷ್ಟು ಹೊತ್ತು ಬಿಡುತ್ತಾರೆ? ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಮಾತಾಡುತ್ತಿರುತ್ತಾರಾ?

ಕೆಲಸ ನಡೆಯುತ್ತಿದೆ. ಇಲ್ಲಿಯೂ ಅದೇ ಗಣಿ, ಅದೇ ದೀಪ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಗೆಥಿನ್ ಪ್ರೋಬರ್ಟ್

*

ರೋಂಡಾ ಕಣಿವೆ
೨೭ ಫೆಬ್ರವರಿ ೧೯೦೪

ಪ್ರಿಯ ಜ್ವರಪೀಡಿತನೇ,

ಜ್ವರವಂತೆ ಜ್ವರ! ಮೆಟ್ಟಿಲು ಹತ್ತುವಾಗ ಬಂದು ಇಳಿಯುವಾಗ ಇಳಿಯುವ ಜ್ವರವನ್ನು ವೈದ್ಯರು ಬೇರೆ ಹೆಸರಿನಿಂದ ಕರೆಯುತ್ತಾರೆ. ಕಾಲೇಜಿನಲ್ಲಿ ಪರೀಕ್ಷೆಯ ಬೆಳಗ್ಗೆ ನನಗೂ ತಪ್ಪದೆ ಬರುತ್ತಿತ್ತು.

ನಿನ್ನ ಪತ್ರವನ್ನು ನಮ್ಮ ಶಾಖೆಯ ಬಂಧುಗಳಿಗೆಲ್ಲ ಓದಿ ಹೇಳಿದೆ. ‘ಎಷ್ಟು ಹೊತ್ತು ಬಿಡುತ್ತಾರೆ’ ಅನ್ನುವಲ್ಲಿಗೆ ಬರುವಷ್ಟರಲ್ಲಿ ಕಟುಕ ಮೆರಿಕ್ ಬೆಂಚಿನಿಂದ ಜಾರಿಬಿದ್ದ. ಇಡೀ ಬೆಟ್ಟವನ್ನೇ ಬೆನ್ನ ಮೇಲೆ ಹೊತ್ತು ಎದ್ದುಬಂದ ಗೆಥಿನ್ ಪ್ರೋಬರ್ಟ್ ಒಂದು ತುಂಡು ಬಟ್ಟೆಗೆ ಹೆದರುತ್ತಾನಾ ಅಂತ ಎಲ್ಲರ ಪ್ರಶ್ನೆ. ಹೆದರಿಕೆ ಬಟ್ಟೆಗಲ್ಲ, ಆಡಿಗೆ ಎಂದು ನಾನು ನಿನ್ನ ಮಾನ ಉಳಿಸಿದೆ.

ಆದ್ದರಿಂದ ಕಟ್ಟಿದ ಕಣ್ಣಿಗೆ ಕಾಣದ ಆಡಿನ ಚಿತ್ರವನ್ನು ತೆರೆದ ಕಣ್ಣಿಗಾಗಿ ಲಗತ್ತಿಸಿದ್ದೇನೆ. ನಮ್ಮ ಆರನೇ ತರಗತಿಯ ಹುಡುಗ ಬರೆದದ್ದು. ಗಡ್ಡ ನಮ್ಮ ಪಾದ್ರಿಯದು, ಕಣ್ಣು ಶಾಲಾ ತನಿಖಾಧಿಕಾರಿಯದು. ಬಾಯಿ ಹುಡುಗನ ಸ್ವಂತ ಕಲ್ಪನೆಯಂತೆ. ನನಗೆ ಅದು ನನ್ನದೇ ಇರಬೇಕು ಅನ್ನುವ ಗುಮಾನಿ.

ಧೈರ್ಯದಿಂದ ಹೋಗು. ಆಡು ಕಚ್ಚುವುದಿಲ್ಲ, ಆಡಿಕೊಳ್ಳುತ್ತದೆ ಅಷ್ಟೇ. ಅಮ್ಮ ನಿನಗಾಗಿ ಉಣ್ಣೆಯ ಕೈಗವಸು ಹೆಣೆಯುತ್ತಿದ್ದಾಳೆ. ಇಲ್ಟಿಡ್‌ನ ಅಳತೆಗೆ ಹೆಣೆದರೆ ನಿನಗೆ ಸರಿಹೋಗುತ್ತದೆ ಅನ್ನುತ್ತಾಳೆ.

ನಿನ್ನ ನಿಷ್ಕರುಣಿ ಅಣ್ಣ
ಎಮ್ರಿಸ್

*

ಸ್ಕ್ರಾಂಟನ್
೨೦ ಮಾರ್ಚ್ ೧೯೦೪

ಎಮ್ರಿಸಣ್ಣ,

ಪತ್ರವೂ ಚಿತ್ರವೂ ತಲುಪಿದವು. ಓಲ್ವೆನ್ ನಕ್ಕಳು. ಹುಡುಗ ಚೆನ್ನಾಗಿ ಬರೆಯುತ್ತಾನೆ.

ಎರಡನೇ ಕರೆ ಬಂದಿದೆ. ಏಪ್ರಿಲ್ ಹದಿನಾರು, ಶನಿವಾರ ಮಧ್ಯಾಹ್ನ. ಆ ವಿಷಯ ಇನ್ನು ಬರೆಯುವುದು ಬೇಡ. ನನ್ನ ಪತ್ರಗಳನ್ನು ಸಂಘದಲ್ಲಿ ಓದುವುದೂ ಬೇಡ.

ಅಮ್ಮನ ಕೈಗವಸಿಗೆ ಕೃತಜ್ಞತೆ. ಇಲ್ಲಿ ಹಿಮ ಕರಗುತ್ತಿದೆ.

ಗೆಥಿನ್

ಅಣ್ಣಾವ್ರೇ, ಪತ್ರ ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟಿದ್ದಾರೆ, ಅಂಚಿನಲ್ಲಿ ಜಾಗ ಇದೆ, ಬರೆಯುತ್ತಿದ್ದೇನೆ. ನಾನು ನಗಲಿಲ್ಲ. ಇವರು ಆ ಚಿತ್ರ ನೋಡಿ ಮಡಿಸಿ ಒಲೆಗೆ ಹಾಕಿದರು. ಅವತ್ತು ಜ್ವರ ಬಂದಿರಲಿಲ್ಲ. ಕಣ್ಣಿಗೆ ಬಟ್ಟೆ ತಾಕಿದ್ದೇ ತಡ, ಮೆಟ್ಟಿಲು ಹಾರಿ ಓಡಿಬಂದರು ಎಂದು ಡಾಯ್ ತಾತ ಹೇಳಿದ. ಮನೆಗೆ ಬಂದಾಗ ತಲೆ ಮೇಲೆ ಟೋಪಿಯೂ ಇರಲಿಲ್ಲ. ಇಲ್ಲಿಗೆ ಬಂದಾಗಿನಿಂದ ಇವರು ಗಣಿಗೆ ಇಳಿದೇ ಇಲ್ಲ, ನಿಮಗೆ ಹೇಳಿದ್ದಾರೋ ಇಲ್ಲವೋ. ಮೇಲೆ ದೀಪದ ಕೋಣೆಯಲ್ಲಿ ಇಳಿಯುವವರಿಗೆಲ್ಲ ದೀಪ ಹಚ್ಚಿಕೊಡುತ್ತಾರೆ. ಮಲಗಿದಾಗ ಇವರ ಬೆರಳು ಮಂಚದ ಹಲಗೆಯನ್ನು ತಟ್ಟುತ್ತಿರುತ್ತದೆ. ತಟ್ಟಿ, ನಿಲ್ಲಿಸಿ, ಕಾಯುತ್ತದೆ, ಆಮೇಲೆ ಮತ್ತೆ. ಯಾಕೆ ಅಂದರೆ ಹೇಳುವುದಿಲ್ಲ. ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ, ಜೋಕು ಬೇಡ. — ಓಲ್ವೆನ್

*

ರೋಂಡಾ ಕಣಿವೆ
೫ ಏಪ್ರಿಲ್ ೧೯೦೪

ಗೆಥಿನ್,

ಈ ಪತ್ರ ಹದಿನಾರಕ್ಕೆ ಮೊದಲು ನಿನಗೆ ಸಿಗಬೇಕು. ನಾಳೆಯ ಹಡಗು ತಪ್ಪಿದರೆ ಸಿಗುವುದಿಲ್ಲ. ಇದನ್ನು ನಾನೇ ರೈಲು ನಿಲ್ದಾಣದ ತನಕ ಒಯ್ದು ಕೊಡುತ್ತೇನೆ.

ಆಡು ಇಲ್ಲ. ಯಾವತ್ತೂ ಇರಲಿಲ್ಲ. ಹೊರಗಿನವರು ನಮ್ಮನ್ನು ಗೇಲಿ ಮಾಡಲು ಕಟ್ಟಿದ ಕಥೆ ಅದು, ನಾವು ಹೊಸಬರನ್ನು ಗೇಲಿ ಮಾಡಲು ಸಾಕಿಕೊಂಡಿದ್ದೇವೆ. ಇರುವುದು ಇಷ್ಟು: ಕಣ್ಣಿಗೆ ಕಪ್ಪು ಬಟ್ಟೆ ಕಟ್ಟುತ್ತಾರೆ. ಒಂದು ಖಾಲಿ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕುತ್ತಾರೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ನೀನು ಏನೇ ಕೇಳು, ಯಾರೂ ಉತ್ತರ ಕೊಡುವುದಿಲ್ಲ. ಉದ್ದದ ಪ್ರಾರ್ಥನೆ ಒಂದನ್ನು ಮನಸ್ಸಿನಲ್ಲೇ ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು. ಬಟ್ಟೆಯನ್ನು ನೀನಾಗಿ ಕಿತ್ತರೆ ಅಲ್ಲಿಗೆ ಮುಗಿಯಿತು. ಕೀಳದಿದ್ದರೆ ಅವರೇ ಬಂದು ಬಿಚ್ಚುತ್ತಾರೆ. ಎದುರಿಗೆ ಒಂದು ಗಣಿದೀಪ, ದೀಪದ ಸುತ್ತ ಎಲ್ಲರ ಮುಖ. ಇದಕ್ಕಿಂತ ಹೆಚ್ಚೇನೂ ಇಲ್ಲ.

ಹೇಳಬಾರದ್ದನ್ನು ಹೇಳಿದೆ. ಮುಂದಿನ ಮಂಗಳವಾರ ಶಾಖೆಯಲ್ಲಿ ನಾನೇ ಎದ್ದುನಿಂತು ತಿಳಿಸುತ್ತೇನೆ. ಅದು ನನ್ನ ಪಾಡು.

ಓಲ್ವೆನ್ ಅಂಚಿನಲ್ಲಿ ನಾಲ್ಕು ಸಾಲು ಬರೆದಿದ್ದಳು. ಅವಳನ್ನು ಬೈಯಬೇಡ. ಪಾಠದ ನಡುವೆ ಅದನ್ನು ಓದಿದೆ. ಮಕ್ಕಳು ಭಾಗಾಕಾರ ಮುಗಿಸಿ ನನ್ನ ಮುಖ ನೋಡುತ್ತಾ ಕೂತಿದ್ದವು. ಮಂಚದ ಹಲಗೆ ತಟ್ಟಿ, ನಿಲ್ಲಿಸಿ, ಕಾಯುತ್ತೀಯಂತೆ. ಗಣಿಯವರ ಮನೆಯಲ್ಲಿ ಹುಟ್ಟಿದವನು ನಾನೂ. ಕುಸಿತದಡಿ ಸಿಕ್ಕಿದವನು ಕಲ್ಲಿಗೆ ಕಲ್ಲು ಬಡಿದು, ನಿಲ್ಲಿಸಿ, ಉತ್ತರಕ್ಕೆ ಕಾಯುತ್ತಾನೆ. ಯಾರ ಉತ್ತರಕ್ಕೆ ಕಾಯುತ್ತೀಯ ನೀನು?

ಇಲ್ಟಿಡ್‌ಗೆ ಒಂದೇ ಕ್ಷಣ ಆಗಿರಲಿಲ್ಲ ಅಲ್ಲವಾ, ಗೆಥಿನ್?

ಹೇಳಲೇಬೇಕು ಅಂತಿಲ್ಲ. ಆದರೆ ನನಗಾಗಿ, ಅಮ್ಮನಿಗಾಗಿ ಅದನ್ನು ಒಬ್ಬನೇ ಹೊತ್ತುಕೊಂಡು ಆ ಕೋಣೆಗೆ ಹೋಗಬೇಡ. ಸಾಧ್ಯವಾಗದಿದ್ದರೆ ಹಿಂದಿರುಗಿ ಬಾ. ಸಂಘ ಬಿಟ್ಟರೆ ಬಿಡಲಿ.

ಎಮ್ರಿಸ್

*

ಸ್ಕ್ರಾಂಟನ್
೧೮ ಏಪ್ರಿಲ್ ೧೯೦೪

ಎಮ್ರಿಸಣ್ಣ,

ನಿಮ್ಮಿಂದ ಪತ್ರ ಬಂದಿಲ್ಲ. ಬರೆಯಬೇಡಿ ಅಂದಿದ್ದಕ್ಕೆ ಕೋಪ ಮಾಡಿಕೊಂಡಿರಬಹುದು. ಆದರೂ ಬರೆಯುತ್ತಿದ್ದೇನೆ, ನೀವು ಬಂಧುವಾದ್ದರಿಂದ ನಿಮಗೆ ಹೇಳಿದರೆ ಪ್ರಮಾಣಕ್ಕೆ ಧಕ್ಕೆಯಿಲ್ಲ ಎಂದು ಡಾಯ್ ಹೇಳಿದ.

ಶನಿವಾರ ಹೋದೆ. ಓಲ್ವೆನ್ ಮೆಟ್ಟಿಲ ಬುಡದ ತನಕ ಬಂದಿದ್ದಳು. ನಾನು ಓಡಿಬಂದರೆ ಈ ಸಲ ಟೋಪಿಯನ್ನಾದರೂ ತಾನು ಹಿಡಿದುಕೊಂಡಿರುತ್ತೇನೆ ಅಂತ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಮೇಲೆ ಡಾಯ್ ಬಟ್ಟೆ ಕಟ್ಟಿದ. ಕೂರಿಸಿದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದ್ದನ್ನು ನಿಮಗೆ ಹೇಗೆ ಬರೆಯಲಿ. ನಾನು ಮೊದಲು ಒಳ್ಳೆಯ ಮಾತಿನಲ್ಲಿ ಯಾರಾದರೂ ಇದ್ದೀರಾ ಅಂತ ಕೇಳಿದೆ. ಆಮೇಲೆ ಕೂಗಿದೆ. ಎದೆಯ ಮೇಲೆ ಕಲ್ಲು ಕೂತಂತಾಗಿ ಉಸಿರು ಕೆಳಗಿಳಿಯಲಿಲ್ಲ. ಬಾಯಲ್ಲಿ ಕಲ್ಲಿದ್ದಲ ಪುಡಿಯ ರುಚಿ ಬಂತು. ಒಂದು ಕೈ ಬಟ್ಟೆಯ ಗಂಟಿನ ಮೇಲೆ ಹೋಗಿತ್ತು. ಎಳೆದಿದ್ದರೆ ಮುಗಿದಿತ್ತು. ಇನ್ನೊಂದು ಕೈ ನನ್ನನ್ನು ಕೇಳದೆ ಬೆಂಚನ್ನು ಬಡಿಯಿತು. ಗಣಿಯೊಳಗಿನ ಕರೆ, ನಿಮಗೆ ಗೊತ್ತಲ್ಲ. ಬಡಿದು, ನಿಲ್ಲಿಸಿ, ಕಾದೆ. ಮತ್ತೆ ಬಡಿದೆ. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು.

ಬಂತು, ಎಮ್ರಿಸಣ್ಣ. ಬಾಗಿಲ ಆಚೆಯಿಂದ ಡಾಯ್ ತನ್ನ ದೊಣ್ಣೆಯಿಂದ ನೆಲ ಬಡಿದ. ಇದ್ದೇವೆ, ಬರುತ್ತಿದ್ದೇವೆ ಅನ್ನುವ ಬಡಿತ. ಅದರ ಹಿಂದೆಯೇ ಒಬ್ಬರ ಬೂಟು, ಇನ್ನೊಬ್ಬರ ಊರುಗೋಲು, ಆಮೇಲೆ ಇಡೀ ಸಭೆಯ ನೆಲ. ಅಲ್ಲಿರುವವರೆಲ್ಲ ಗಣಿಯವರು. ಬಡಿತ ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಉತ್ತರ ಕೊಡಬೇಕು ಅಂತಲೇ ಬೆಳೆದವರು. ನಾನು ಬಡಿದೆ, ಅವರು ಬಡಿದರು, ನಾನು ಬಡಿದೆ. ಶಾಖೆಯ ಅಧ್ಯಕ್ಷನಾದ ಹಿರಿಯಣ್ಣ ಮೌನ ಮೌನ ಅಂತ ಕೂಗುತ್ತಾ ಸುತ್ತಿಗೆ ಕುಟ್ಟಿದ. ಅದನ್ನೂ ಉತ್ತರ ಅಂದುಕೊಂಡು ಜನ ಇನ್ನೂ ಜೋರಾಗಿ ಬಡಿದರು.

ಆಮೇಲೆ ಜಗಳ ಶುರುವಾಯಿತು. ವಿಧಿ ಕೆಟ್ಟಿತು, ದೀಕ್ಷೆ ಆದದ್ದೋ ಇಲ್ಲವೋ ಎಂದು. ಎಲ್ಲ ನನಗೆ ಬಾಗಿಲ ಈಚೆಯಿಂದ ಕೇಳುತ್ತಿತ್ತು.

"ಪುಸ್ತಕದಲ್ಲಿ ಮೌನ ಅಂತ ಬರ್ದಿದೆ ಕಣಯ್ಯಾ," ಅಂದ ಹಿರಿಯಣ್ಣ.

"ಬರ್ದೋನು ಗಣಿಗೆ ಇಳ್ದಿರ್ಲಿಲ್ಲ," ಅಂದ ಡಾಯ್. "ಬಡ್ದೋನಿಗೆ ಉತ್ರ ಕೊಡ್ಬೇಡ ಅಂತ ನಂಗೆ ಹೇಳೋದಾದ್ರೆ, ಬೇರೆ ಬಾಗಿಲು ನೋಡ್ಕೋತೀನಿ ನಾನು."

ರೊಟ್ಟಿ ಡಾಯ್ ಮತಕ್ಕೆ ಹಾಕಿ ಅಂದ. ಯಾರೋ ಮುಖ್ಯ ಕಚೇರಿಗೆ ಬರೆದು ಕೇಳೋಣ ಅಂದರು. ಈ ಗದ್ದಲದಲ್ಲಿ ನನ್ನ ಬಟ್ಟೆ ಬಿಚ್ಚುವುದನ್ನೇ ಎಲ್ಲರೂ ಮರೆತಿದ್ದರು. ವಿಧಿಯಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ನಾನು ಆ ಕತ್ತಲೆಯಲ್ಲಿ ಕೂತೆ. ಅವರು ಬೈದಾಡುವುದನ್ನು ಕೇಳುತ್ತಾ ಕೂತೆ. ಉಸಿರು ಯಾವಾಗ ವಾಪಸು ಬಂತೋ ಗೊತ್ತಿಲ್ಲ. ಗಂಟಿನ ಮೇಲಿದ್ದ ಕೈ ತೊಡೆಯ ಮೇಲಿತ್ತು.

ಕೊನೆಗೆ ಹಿರಿಯಣ್ಣನೇ ಬಂದು ಬಿಚ್ಚಿದ. ಅವನ ತೀರ್ಪು ಏನೆಂದರೆ, ಹೊಸಬ ಬಟ್ಟೆ ಕೀಳಲಿಲ್ಲ, ಬಾಗಿಲು ದಾಟಲಿಲ್ಲ, ತಪ್ಪಿದವರು ಹಳಬರು. ಹಳಬರಿಗೆಲ್ಲ ದಂಡವಾಗಿ ಮುಂದಿನ ಸಭೆಗೆ ಚಹಾ ಇಲ್ಲ. ನನಗೆ ದೀಪ ಕೊಟ್ಟರು. ದಿನಾ ನಾನು ಹಚ್ಚಿಕೊಡುವ ದೀಪಗಳಲ್ಲೇ ಒಂದು ಅದು.

ಈಗ ನಾನು ಬಂಧು. ಹೆದರಿಕೆ ಯಾಕಿತ್ತು ಅಂತ ಕೇಳಬೇಡಿ.

ಗೆಥಿನ್

*

ಸ್ಕ್ರಾಂಟನ್
೨೪ ಏಪ್ರಿಲ್ ೧೯೦೪

ಎಮ್ರಿಸಣ್ಣ,

ನಿಮ್ಮ ಐದನೇ ತಾರೀಕಿನ ಪತ್ರ ನಿನ್ನೆ ಬಂತು. ನನ್ನದು ಸಮುದ್ರದಲ್ಲಿ ಅದನ್ನು ದಾಟಿ ಹೋಗಿರಬೇಕು.

ನೀವು ಊಹಿಸಿದ್ದು ನಿಜ. ಅವನು ಕುಸಿತದ ಆಚೆ ಇದ್ದ, ನಾನು ಈಚೆ. ಮಾತು ಕೇಳುತ್ತಿರಲಿಲ್ಲ, ಬಡಿತ ಕೇಳುತ್ತಿತ್ತು. ಅವನು ಬಡಿದ, ನಾನು ಉತ್ತರ ಬಡಿದೆ. ದೀಪ ಆರಿಹೋಗಿತ್ತು, ಹಗಲೋ ಇರುಳೋ ತಿಳಿಯದು. ಒಂದು ಸಲವೂ ಅವನನ್ನು ಉತ್ತರವಿಲ್ಲದೆ ಬಿಟ್ಟಿಲ್ಲ, ಇದನ್ನು ನಂಬಿ.

ಕೊನೆಕೊನೆಗೆ ಅವನು ಗಣಿಯ ಕರೆಯನ್ನು ಬಿಟ್ಟು ಬೇರೆ ಏನೋ ಬಡಿಯತೊಡಗಿದ. ಮೊದಲು ನನಗೆ ತಿಳಿಯಲಿಲ್ಲ, ಕೈಸೋತು ತಪ್ಪುತ್ತಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು. ಚಾಪೆಲಿನ ಬೆಂಚಿನಡಿಯ ನಿಮ್ಮ ತಾಳ. ಅರ್ಧ ತಟ್ಟಿ ನಿಲ್ಲಿಸುತ್ತಿದ್ದ. ಉಳಿದರ್ಧ ನಾನು ಮುಗಿಸುತ್ತಿದ್ದೆ. ಎಷ್ಟೋ ಸಲ ಹಾಗೆ. ಆಚೆ ಅವನು ನಗುತ್ತಿದ್ದಾನೆ ಅಂತ ನನಗೆ ಖಂಡಿತ ಅನ್ನಿಸಿತ್ತು. ಆಮೇಲೆ ಒಂದು ಸಲ ಅವನ ಅರ್ಧ ಬರಲಿಲ್ಲ. ನಾನೇ ಎರಡೂ ಅರ್ಧ ಬಡಿಯುತ್ತಾ ಕಾದೆ. ಹೊರಗೆ ಎಳೆದುಹಾಕುವವರೆಗೆ.

ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಅದಕ್ಕೇ ಒಂದೇ ಕ್ಷಣ ಅಂದೆ. ಮುಂದಿನದು ನಿಮಗೆ ಬಿಟ್ಟದ್ದು.

ಗೆಥಿನ್

*

ರೋಂಡಾ ಕಣಿವೆ
೧೦ ಮೇ ೧೯೦೪

ಪ್ರಿಯ ಬಂಧು ಗೆಥಿನ್,

ನಿನ್ನ ಎರಡೂ ಪತ್ರಗಳು ಒಂದೇ ಹಡಗಿನಲ್ಲಿ ಬಂದವು.

ಮೊದಲು ಸಂಘದ ಸುದ್ದಿ. ಪ್ರಮಾಣ ಮುರಿದದ್ದನ್ನು ನಾನು ಸಭೆಯಲ್ಲಿ ಹೇಳಿದೆ. ಕಟುಕ ಮೆರಿಕ್ ಎದ್ದು, ಅವತ್ತು ಬೆಂಚಿನಿಂದ ಬಿದ್ದು ನಕ್ಕವನು ತಾನು, ಶಿಕ್ಷೆಯಲ್ಲಿ ತನಗೂ ಪಾಲು ಬೇಕು ಅಂದ. ಅವನಿಗೆ ಕೊಡಲಿಲ್ಲ. ನನ್ನ ಗುಮಾಸ್ತಗಿರಿ ಹೋಯಿತು. ಹೊರಬಾಗಿಲ ಕಾವಲಿಗೆ ಹಾಕಿದ್ದಾರೆ. ಈಗ ನಾನೂ ಒಬ್ಬ ಬಾಗಿಲು ಡಾಯ್, ಡಾಯ್ ಅಲ್ಲ ಅನ್ನುವುದೊಂದು ಕೊರತೆ. ಚಳಿಯಲ್ಲಿ ಹೊರಗೆ ನಿಂತು, ಯಾರು ಬಾಗಿಲು ಬಡಿದರೂ ಒಳಗಿನವರಿಗೆ ತಿಳಿಸುವುದು ಕೆಲಸ.

ನಿನ್ನ ಎರಡನೇ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಬಹಳ ತಿರುಗಾಡಿದೆ. ಅಮ್ಮನಿಗೆ ಹೇಳಬಾರದು ಅಂತ ಬೆಟ್ಟ ಹತ್ತುವಾಗ, ಹೇಳಬೇಕು ಅಂತ ಇಳಿಯುವಾಗ. ಕಡೆಗೆ ನಿನ್ನೆ ಬೆಳಗ್ಗೆ ಅವಳು ಸಾರಿಗೆ ಲೀಕ್ ಸೊಪ್ಪು ಹೆಚ್ಚುತ್ತಾ ಅಡುಗೆಮನೆಯಲ್ಲಿ ಕೂತಿದ್ದಾಗ ಎದುರಿಗೆ ಕೂತು ಪೂರ್ತಿ ಓದಿದೆ. ಎಲ್ಲೂ ಮೃದು ಮಾಡಲಿಲ್ಲ. ಓದುತ್ತಿರುವಷ್ಟು ಹೊತ್ತೂ ಅವಳ ಚಾಕು ನಿಂತಿತ್ತು.

ತಾಳದ ಮಾತು ಬಂದಾಗ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಓದಿ ಮುಗಿದ ಮೇಲೆ ಕೇಳಿದ್ದು ಇಷ್ಟೇ.

"ಮಗೂಗೆ ಉತ್ರ ಬಂತಾ, ಎಮ್ರಿಸ್? ಪ್ರತಿ ಸಲಾನೂ?"

"ಬಂತಮ್ಮ," ಅಂದೆ. "ಪ್ರತಿ ಸಲಾನೂ."

ಅವಳು ಸೊಪ್ಪನ್ನು ತಟ್ಟೆಗೆ ಸರಿಸಿದಳು. ನಿನ್ನ ಕೈಗವಸಿನ ಹೆಬ್ಬೆರಳು ಇನ್ನೂ ಬಾಕಿ ಇದೆಯಂತೆ, ನಿನ್ನ ಹೆಬ್ಬೆರಳಿನ ಅಳತೆ ಕಳಿಸಬೇಕಂತೆ. ಇಲ್ಟಿಡ್‌ನದು ಬೇಡ, ಗೆಥಿನ್‌ನದೇ ಬೇಕು ಅಂದಳು.

ನಿನ್ನ
ಎಮ್ರಿಸ್